ಬಾವಿ ಮುಚ್ಚಿದ ಮೇಲೆ

ದೆವ್ವ, ಪವಾಡ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುವವನು. ಅಂಥ ಕತೆಗಳನ್ನು ಈಗಲೂ ನಂಬುವುದಿಲ್ಲ. ಆದರೆ ಇದು ನನ್ನ ಕಣ್ಣೆದುರೇ ನಡೆದದ್ದು. ನೆನೆದರೆ ಹೆದರಿಕೆಯಾಗುವುದಿಲ್ಲ, ಮೈ ಉರಿಯುತ್ತದೆ.

ಕೆಲವು ವರ್ಷಗಳ ಹಿಂದೆ ಜುಬೈಲ್ ಪಟ್ಟಣದ ಕೆಲಸ ಬಿಟ್ಟು, ಸೌದಿಯದೇ ಮರಳುಗಾಡಿನಲ್ಲಿ ಹೊಸದಾಗಿ ಕಟ್ಟುತ್ತಿದ್ದ ನಗರವೊಂದರ ಸೈಟ್ ಆಫೀಸಿಗೆ ನಕ್ಷೆ ಬರೆಯಲು ಸೇರಿದ್ದೆ. ರಾಜಧಾನಿಯೇ ಇದರ ಮುಂದೆ ಸಪ್ಪೆಯಾಗಬೇಕು ಎಂದು ನಮ್ಮ ಮ್ಯಾನೇಜರ್ ಬಂದವರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದ. ಅವನೂ ನಮ್ಮ ಮಂಗಳೂರಿನವನೇ. ನಗರ ಇನ್ನೂ ಪಾಯದಲ್ಲಿತ್ತು. ಅದರ ಮಾದರಿ ಮಾತ್ರ ಆಫೀಸಿನ ನಡುವೆ, ಗಾಜಿನ ಪೆಟ್ಟಿಗೆಯೊಳಗೆ ಪೂರ್ತಿಯಾಗಿ ನಿಂತಿತ್ತು. ಪೆಟ್ಟಿಗೆಗೆ ಬೀಗ, ಕೀ ಮ್ಯಾನೇಜರನ ಜೇಬಿನಲ್ಲಿ.

ಮಾದರಿಯ ಮಧ್ಯದ ಚೌಕದಲ್ಲಿ ನೀಲಿ ಪ್ಲಾಸ್ಟಿಕ್ಕಿನ ಕಾರಂಜಿ. ಹೊರಗೆ, ನಿಜವಾದ ನೆಲದಲ್ಲಿ, ಅದೇ ಜಾಗದಲ್ಲಿ ಒಂದು ಹಳೆಯ ಬಾವಿಯಿತ್ತು. ಕುರಿ ಮೇಯಿಸುವವರು ಸೇದುತ್ತಿದ್ದ ಸಿಹಿನೀರಿನ ಬಾವಿ. ಅವರನ್ನು ಎಬ್ಬಿಸಿ, ಬಾವಿಗೆ ಕಲ್ಲುಮಣ್ಣು ಸುರಿದು ಮುಚ್ಚಿದರು. ಯಾಕೆ? ಕಾರಂಜಿ ಕಟ್ಟಲು! ಇದ್ದ ನೀರನ್ನು ಹೂತು, ದೂರದ ಸಮುದ್ರದಿಂದ ಪೈಪ್ ಎಳೆದು ನೀರು ಚಿಮ್ಮಿಸುವುದಂತೆ. ಥೂ, ಇಂಥ ಬುದ್ಧಿಗೆ ಏನನ್ನೋಣ?

ಬಾವಿ ಮುಚ್ಚಿದ ಮರುದಿನ ಮಧ್ಯಾಹ್ನದ ನಮಾಜಿನ ಬಿಡುವು ಮುಗಿಸಿ ಬಂದರೆ, ಪೆಟ್ಟಿಗೆಯೊಳಗಿನ ಆ ಚೌಕದಲ್ಲಿ ಅಂಗೈಯಗಲ ನೀರು ನಿಂತಿತ್ತು. ಒರೆಸಿದರು. ಮಾರನೆಯ ದಿನ ಮತ್ತೆ ನೀರು.

ನೀನೇ ಚೆಲ್ಲಿದ್ದು ಎಂದು ಮ್ಯಾನೇಜರ್ ಹಸನಬ್ಬರನ್ನು ಹಿಡಿದ. ಹಸನಬ್ಬ ನಮ್ಮ ಆಫೀಸಿನಲ್ಲಿ ಚಹಾ ಮಾಡಿ, ನೆಲ ಒರೆಸುತ್ತಿದ್ದವರು. ಬಂಟ್ವಾಳದ ಕಡೆಯ ಬ್ಯಾರಿ, ನನಗಿಂತ ಹಿರಿಯರು. ಊರಲ್ಲಿ ಅವರು ಕಟ್ಟಿಸುತ್ತಿದ್ದ ಮನೆಗೆ ಇನ್ನೂ ಮಾಡು ಹೊದಿಸಿ ಆಗಿರಲಿಲ್ಲ; ಹೆಂಡತಿ, ಮಕ್ಕಳು ತಗಡಿನ ಶೆಡ್ಡಿನಲ್ಲಿದ್ದರು.

"ಕೀ ಅವರ ಹತ್ರ. ನಾನೆಂತ ಗಾಜಿನೊಳಗೆ ನುಗ್ಗಿ ನೀರು ಚೆಲ್ಲುದಾ ಮಾರಾಯ್ರೆ?" ಎಂದು ಹಸನಬ್ಬ ನನ್ನಲ್ಲಿ ಗೋಳಾಡಿದರು.

ನಾನು ಮ್ಯಾನೇಜರನ ಕೋಣೆಗೆ ನುಗ್ಗಿ, ಮೇಜು ಕುಟ್ಟಿ ಇದನ್ನೇ ಕೇಳಿದೆ. ಅವನು ನಕ್ಕ. ಸ್ವಲ್ಪ ದಿನದಲ್ಲೇ ಹಸನಬ್ಬರ ಇಕಾಮಾ, ಅಂದರೆ ಅಲ್ಲಿರುವ ಪರವಾನಗಿ, ರದ್ದು ಮಾಡಿಸಿ ಊರಿನ ವಿಮಾನ ಹತ್ತಿಸಿದರು.

ಅವರು ಹೋದ ಮರುದಿನ ಮಧ್ಯಾಹ್ನ ಮ್ಯಾನೇಜರೂ ನಾನೂ ಮಾದರಿಯ ಪಕ್ಕ ನಿಂತು ಯಾವುದೋ ರಸ್ತೆಯ ವಿಷಯ ಮಾತಾಡುತ್ತಿದ್ದೆವು. ಪೆಟ್ಟಿಗೆಗೆ ಬೀಗ ಹಾಕಿತ್ತು. ನೋಡನೋಡುತ್ತಿದ್ದಂತೆ ನೀಲಿ ಪ್ಲಾಸ್ಟಿಕ್ಕಿನ ಸುತ್ತ ಒದ್ದೆಯಾಯಿತು. ನೀರು ನಿಧಾನವಾಗಿ ಏರಿ ಆ ಪುಟ್ಟ ಬೀದಿಗಳಲ್ಲಿ ಹರಿಯಿತು. ಮೇಲೆ ಏಸಿಯಿಲ್ಲ, ಕೆಳಗೆ ಪೈಪಿಲ್ಲ. ಬಗ್ಗಿ ಮುಟ್ಟಿ ನೋಡಿದೆ, ಮಾದರಿ ಕೂರಿಸಿದ ಹಲಗೆಯ ಅಡಿ ಒಣಗಿಯೇ ಇತ್ತು. ಮ್ಯಾನೇಜರ್ ಬೀಗ ತೆಗೆದ. ನಾನು ಬೆರಳದ್ದಿ ನಾಲಗೆಗೆ ಮುಟ್ಟಿಸಿದೆ. ನಮ್ಮ ನಲ್ಲಿಯ ನೀರಲ್ಲ. ಸಿಹಿಯಾಗಿತ್ತು, ಮಣ್ಣಿನ ವಾಸನೆಯಿತ್ತು.

ಅವನು ತನ್ನ ಕರ್ಚೀಫಿನಿಂದಲೇ ಒರೆಸತೊಡಗಿದ.

"ಹಸನಬ್ಬರನ್ನು ವಾಪಸ್ ಕರೆಸಿ," ಎಂದೆ.

"ಯಾಕೆ? ಎಂತ ನೀರು? ನಾನು ಎಂತದೂ ನೋಡ್ಲಿಲ್ಲ," ಎಂದ, ಕರ್ಚೀಫು ಹಿಂಡುತ್ತಾ.

ಆ ನೀರು ಎಲ್ಲಿಂದ ಬಂತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಬಲ್ಲವರಿದ್ದರೆ ಹೇಳಿ. ಅವತ್ತು ಸಂಜೆ ಹಸನಬ್ಬರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ.

"ಹೌದಾ ಸಾರ್?" ಎಂದರು. "ಹಾಗಾದ್ರೆ ಈ ಸಲ ಯಾರನ್ನು ಊರಿಗೆ ಕಳಿಸಿದ್ರು?"