ಮೇಲಿನ ಸಾಲು ಬೇಡವೆಂದ ನಮ್ಮ ದುರ್ಗವ್ವಕ್ಕ

ಇಲ್ಲ... ಮನಸ್ಸು ಒಪ್ಪುತ್ತಿಲ್ಲ.
ಬೆಳಿಗ್ಗೆ ಫೋನ್ ಬಂದಾಗ ರಾಂಗ್ ನಂಬರ್ ಅಂತ ಇಟ್ಟುಬಿಟ್ಟೆ.
ಮತ್ತೆ ಬಂತು...
ದುರ್ಗವ್ವಕ್ಕನ ಮಗಳು ರೇಣುಕಾ. "ಅಣ್ಣಾ, ಅವ್ವ ಏಳವಲ್ಲಳ್ರಿ..."

ನಾಗರಬಾವಿಯಲ್ಲಿ ರೂಮ್ ಮಾಡಿ ಓದಿದವರಿಗೆ, ಡೆಲಿವರಿ ಬೈಕ್ ಓಡಿಸುವವರಿಗೆ ದುರ್ಗವ್ವಕ್ಕ ಗೊತ್ತು.
ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಯಾದಗಿರಿ ಕಡೆಯಿಂದ ಬಂದು, ವರ್ಷಗಟ್ಟಲೆ ಗಾರೆ ಹೊತ್ತು, ಆಮೇಲೆ ಒಂದು ಸಣ್ಣ ಖಾನಾವಳಿ ಇಟ್ಟವರು.
ರೊಟ್ಟಿ ಬಡಿಯುವ ಸದ್ದು ಮೊದಲು ಕೇಳುತ್ತಿತ್ತು... ಅಂಗಡಿ ಆಮೇಲೆ ಕಾಣುತ್ತಿತ್ತು.
ಬಾಗಿಲ ಬಿಸಿಲಲ್ಲಿ ಜೋಳದ ಹಿಟ್ಟು ತೇಲುತ್ತಿತ್ತು. ಮೋಡದೊಳಗೆ ಯಾರೋ ಕೂತು ಚಪ್ಪಾಳೆ ತಟ್ಟುತ್ತಿದ್ದಾರೆ ಅನ್ನಿಸುತ್ತಿತ್ತು.

ವಿಜಯನಗರದಲ್ಲಿ ನನ್ನದು ಬೋರ್ಡ್ ಬರೆಯುವ ಅಂಗಡಿ.
ಖಾನಾವಳಿ ಬೋರ್ಡ್ ಅಂದರೆ ಒಂದು ಪದ್ಧತಿ ಇದೆ.
ಮೇಲಿನ ಸಾಲಿನಲ್ಲಿ ಜಾತಿಯ ಹೆಸರು, ಕೆಳಗೆ ದೊಡ್ಡದಾಗಿ ಖಾನಾವಳಿ.
ಎಷ್ಟೋ ಬರೆದಿದ್ದೇನೆ. ಕೈಗೆ ರೂಢಿ.
ಅಕ್ಕನ ಬೋರ್ಡಿಗೂ ಮೇಲೆ ಜಾಗ ಬಿಟ್ಟು ಡಿಸೈನ್ ಮಾಡಿ ತೋರಿಸಿದೆ.

"ಮ್ಯಾಲ ಯಾಕ್ರಿ ಅಣ್ಣಾ, ಖಾಲಿ?"
"ಅದು ನಿಮ್ ಜನದ ಹೆಸರಿಗೆ ಅಕ್ಕ."
"ಹೌದಾ? ಬರೀರಿ ಹಂಗಾರ... ಮಾದಿಗರ ಖಾನಾವಳಿ."

ಮೌಸ್ ಮೇಲೆ ನನ್ನ ಕೈ ನಿಂತುಬಿಟ್ಟಿತು...
"ಅಕ್ಕ... ವ್ಯಾಪಾರ ಆಗ್ಬೇಕಲ್ವಾ..."
ಅವರು ಜೋರಾಗಿ ನಕ್ಕರು.
"ಉಳದವ್ರು ಬರಸ್ಕೊಂಡ್ರ ವ್ಯಾಪಾರ ಆಗ್ತದ, ನಾ ಬರಸ್ಕೊಂಡ್ರ ಮುಳುಗ್ತದೇನ್ರಿ? ಬಿಡ್ರಿ, ಆ ಸಾಲ ಬ್ಯಾಡ. ದುರ್ಗವ್ವನ ಖಾನಾವಳಿ ಅಂತ ಬರೀರಿ. ಕೇಳಿದವ್ರಿಗೆ ನಾನ ಹೇಳ್ತೀನಿ."

ಬಂದವರು ಕೇಳಿದರು... ಅಕ್ಕ ಹೇಳಿದರು... ಸುಮಾರು ಜನ ಕೈ ತೊಳೆಯದೆಯೇ ಎದ್ದು ಹೋದರು.

ನಮ್ಮಜ್ಜಿಯ ಕಥೆಗಳಲ್ಲಿ ದಾರಿ ತಪ್ಪಿದ ರಾಜಕುಮಾರ ಕಾಡಂಚಿನ ಮುದುಕಿಯ ಗುಡಿಸಲಿಗೆ ಬಂದು, "ಅವ್ವಾ, ಹಸಿವು" ಅನ್ನುತ್ತಾನೆ.
ಆಕೆ ಬಡಿಸುತ್ತಾಳೆ. ಆತ ಉಣ್ಣುತ್ತಾನೆ. ಕಥೆ ಮುಂದಕ್ಕೆ ಹೋಗುತ್ತದೆ.
ನೀನು ಯಾವ ಜನ ಅಂತ ಯಾವ ರಾಜಕುಮಾರನೂ ಕೇಳಿದ್ದು ನನಗೆ ನೆನಪಿಲ್ಲ.
ಬೆಂಗಳೂರಲ್ಲಿ ಕೇಳುತ್ತಾರೆ... ಮೆನು ಕೇಳುವ ಮುಂಚೆ.

ದುರ್ಗವ್ವಕ್ಕಾ...
ಇಷ್ಟು ವರ್ಷ ನಿಮ್ಮ ಮುಂದೆ ತಲೆ ತಗ್ಗಿಸಿಯೇ ಉಂಡಿದ್ದೇನೆ. ಯಾಕೆಂದು ಎಲ್ಲರ ಎದುರು ಇವತ್ತು ಹೇಳಿಬಿಡುತ್ತೇನೆ.
ರಾಜಾಜಿನಗರದ ನನ್ನ ಕಸ್ಟಮರ್ ಒಬ್ಬರು ಗೃಹಪ್ರವೇಶಕ್ಕೆ ರೊಟ್ಟಿ ಬೇಕೆಂದರು. ನಿಮ್ಮ ಹೆಸರು ಹೇಳಿದೆ.
"ಯಾವ್ ಜನ?" ಅಂದರು.
"ನಮ್ಮೋರೇ ಸಾರ್" ಅಂದುಬಿಟ್ಟೆ!
ನಿಮಗೆ ಉಪಕಾರ ಮಾಡಿದೆ ಅಂದುಕೊಂಡು, ಎದೆ ಉಬ್ಬಿಸಿಕೊಂಡು ಸುದ್ದಿ ತಂದೆ.
ಅಷ್ಟು ದೊಡ್ಡ ಆರ್ಡರ್ ಅಲ್ಲಿವರೆಗೆ ನಿಮಗೆ ಬಂದಿರಲಿಲ್ಲ. ಇನ್ನೊಂದು ತಿಂಗಳು ಹೀಗೇ ಆದರೆ ಅಂಗಡಿ ಮುಚ್ಚಬೇಕು ಅನ್ನುವ ದಿನಗಳು ಅವು...
"ಅವ್ರಿಗೆ ಏನಂತ ಹೇಳೀರಿ?" ಅಂದಿರಿ.
ಹೇಳಿದೆ.
ನೀವು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು, ನನ್ನ ಫೋನಿನಿಂದಲೇ ಅವರಿಗೆ ಫೋನ್ ಮಾಡಿದಿರಿ.
"ಸಾಹೇಬ್ರ, ಅಣ್ಣಾರು ತಪ್ಪು ಹೇಳ್ಯಾರ. ನಾವು ಮಾದಿಗರು. ರೊಟ್ಟಿ ಚಲೋ ಮಾಡ್ತೀನಿ. ಬೇಕೇನ್ರಿ?"
ಆ ಕಡೆ ಕಟ್ ಆಯಿತು.

ನೀವು ಬೈಯಲಿಲ್ಲ. ತಟ್ಟೆ ಇಟ್ಟು ಬಿಸಿ ರೊಟ್ಟಿ ಹಾಕಿದಿರಿ.
"ಉಣ್ರಿ. ಇನ್ನೊಮ್ಮಿ ನನ್ನ ಸಲುವಾಗಿ ಸುಳ್ಳ ಹೇಳಬ್ಯಾಡ್ರಿ. ಆ ಸುಳ್ಳಿನಾಗ ನಾ ಇರಂಗಿಲ್ಲ."
ತಲೆ ತಗ್ಗಿಸಿ ಉಂಡೆ ಅಕ್ಕಾ...

ಅಂಗಡಿ ಉಳಿಯಿತು. ಕಾಲೇಜಿನ ಹುಡುಗಿಯರು ಬಂದರು, ಹೆಲ್ಮೆಟ್ ಹಾಕಿಕೊಂಡೇ ಆರ್ಡರ್ ಕೊಡುವ ರೈಡರ್‌ಗಳು ಬಂದರು.
"ಅವ್ವಾ, ಇನ್ನೊಂದ್ ರೊಟ್ಟಿ!" "ಹೊಟ್ಟಿ ಅದನೋ, ಗೋದಾಮದನೋ ನಿಂದು?"
ನಿಮ್ಮ ಆ ನಗು...

ಇವತ್ತು ಮಧ್ಯಾಹ್ನ, ಕೆಂಗೇರಿ ಉಪನಗರದ ನಿಮ್ಮ ಮನೆಯ ಮುಂದೆ ಎಲ್ಲವೂ ನಿಧಾನವಾಗಿ, ನೀರೊಳಗೆ ನಡೆದ ಹಾಗೆ ನಡೆಯುತ್ತಿತ್ತು...
ಗೇಟಿನ ಬಳಿ ಪಕ್ಕದ ಬೀದಿಯವರೊಬ್ಬರು ನನ್ನ ಕಿವಿಗೆ ಬಾಗಿದರು.
"ಒಳ್ಳೆ ಹೆಂಗ್ಸು ಕಣ್ರೀ ಪಾಪ... ಯಾವ್ ಜನ ಇವ್ರು?"
ಅವರು ಪಿಸುಗುಟ್ಟಿದ್ದರು. ನಾನು ಮಾಮೂಲಿ ದನಿಯಲ್ಲೇ ಹೇಳಿದೆ. "ಮಾದಿಗರು ಸಾರ್."
ರೇಣುಕಾ ತಲೆ ಎತ್ತಿ ನನ್ನನ್ನು ನೋಡಿದಳು.
ಅವರು ನಿಂತರೋ, ಹೊರಟರೋ... ನಾನು ತಿರುಗಿ ನೋಡಲಿಲ್ಲ.
ನಿಮ್ಮನ್ನು ಎತ್ತುವ ಹೊತ್ತಾಗಿತ್ತು. ಹೋಗಿ ಹೆಗಲು ಕೊಟ್ಟೆ.

ಹೋಗಿಬನ್ನಿ ಅಕ್ಕಾ...
ಒಲೆಯ ಮುಂದೆ ಬೆಂದ ನಿಮ್ಮ ಜೀವ ತಣ್ಣಗಿರಲಿ.