ಮಂಚಯ್ಯನ ಏಳು

ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಸಿಟ್ಟು. ಅದನ್ನು ಹೇಳಿಯೇ ಮಂಚಯ್ಯನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಆ ಸಿಟ್ಟಿಗೆ ಒಂದು ದಿನ ಬಲಿಯಾದವನು ಅವನೇ.

೧೯೬೪. ಮಂಗಳೂರು ಬಿಟ್ಟು ಹಾಸನದ ಕಾಲೇಜಿಗೆ ಭೌತಶಾಸ್ತ್ರದ ಅಧ್ಯಾಪಕನಾಗಿ ಬಂದು ಎರಡು ವರ್ಷವಾಗಿತ್ತು. ಮಂಚಯ್ಯ ನಮ್ಮ ವಿಭಾಗದ ಅಟೆಂಡರ್. ಚನ್ನರಾಯಪಟ್ಟಣದ ಕಡೆಯ ದಂಡಿಗನಹಳ್ಳಿಯವನು, ನಲವತ್ತರ ಆಸುಪಾಸು. ಕಸ ಗುಡಿಸಲು ಸೇರಿದವನು ಹುಡುಗರ ಪ್ರಯೋಗ ನೋಡಿ ನೋಡಿಯೇ ಅಂಕಿ ಕಲಿತ, ಅಳತೆ ಓದುವುದನ್ನು ಕಲಿತ. ಬಿ.ಎಸ್ಸಿ. ಹುಡುಗರು ತಡವರಿಸಿದರೆ, "ಕಣ್ಣ ನೇರುಕ್ಕೆ ಇಕ್ಕಂಡು ನೋಡ್ಲಾ, ವಾರೆ ನೋಡುದ್ರೆ ಅದು ಸುಳ್ಳು ಏಳ್ತದೆ," ಎಂದು ಗದರುವನು. "ನಾನ್ ನೋಡಿದ್ ಅಂಕಿ ಒಂದೂ ತಪ್ಪಿಲ್ಲ ಸಾ" ಎನ್ನುವುದು ಅವನಿಗಿದ್ದ ಒಂದೇ ಜಂಭ.

ನಾನು ಡಾಕ್ಟರೇಟಿಗಾಗಿ ಗಾಳಿಯಲ್ಲಿರುವ ವಿದ್ಯುತ್ತನ್ನು ಅಳೆಯುತ್ತಿದ್ದೆ. ಯಂತ್ರ ತಾರಸಿಯ ಮೇಲೆ. ಬಿಸಿಲೆಂದರೆ ನನಗಾಗದು, ಹಾಗಾಗಿ ನಾನು ಕೆಳಗಿನ ಕೋಣೆಯಲ್ಲಿ ಪುಸ್ತಕ ಹಿಡಿದು ಕೂರುತ್ತಿದ್ದೆ. ದಿನವೂ ಬೆಳಿಗ್ಗೆ ಎಂಟಕ್ಕೆ ಮಂಚಯ್ಯ ಮೇಲಿನಿಂದ ಅಂಕಿಗಳನ್ನು ಕೂಗುವನು, ನಾನು ಬರೆದುಕೊಳ್ಳುವೆ. ಒಂದು ವರ್ಷದ ಲೆಕ್ಕ ತೆಗೆದು ನೋಡಿದಾಗ ಒಂದು ವಿಚಿತ್ರ ಕಂಡಿತು. ದಿನದ ಮೊದಲ ಅಂಕಿ ಯಾವಾಗಲೂ ಏಳು, ಆಮೇಲೆ ಒಮ್ಮೆಲೇ ಮೂವತ್ತರ ಮೇಲೆ. ಅದಕ್ಕೆ 'ಮೊದಲ ಇಳಿತ' ಎಂದು ಹೆಸರಿಟ್ಟು, ಪ್ರಬಂಧದಲ್ಲಿ ಒಂದು ಅಧ್ಯಾಯವನ್ನೇ ಬರೆದುಬಿಟ್ಟೆ. ಎಂಥ ಕೊಬ್ಬು!

ಜನವರಿಯಲ್ಲಿ ನಮ್ಮ ವಿಭಾಗದಲ್ಲಿ ಇಡೀ ದಿನ ಸಂಶೋಧನಾ ಭಾಷಣಗಳು. ಮೈಸೂರಿನಿಂದ ಹಿರಿಯ ಪ್ರೊಫೆಸರೊಬ್ಬರು ಬಂದಿದ್ದರು. ನನ್ನ ಪ್ರಬಂಧ ಮುಂದೆ ಹೋಗಬೇಕಾದರೆ ಅವರು ಒಪ್ಪಬೇಕು. ಮಂಚಯ್ಯ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. "ನಮ್ ಅಂಕಿ ಇವತ್ತು ದೊಡ್ಡೋರ್ ಮುಂದೆ ಓಯ್ತದೆ ಅಂತ ನಮ್ ಮುದ್ದಮ್ಮಂಗೂ ಏಳ್ ಬಂದಿವ್ನಿ ಸಾ," ಎಂದ. ಮುದ್ದಮ್ಮ ಅವನ ಹೆಂಡತಿ.

ಊಟದ ನಂತರ ನನ್ನ ಸರದಿ. ಮಂಚಯ್ಯ ನನ್ನ ಅಂಕಿಗಳ ದೊಡ್ಡ ಪಟ್ಟಿಯನ್ನು ಹಲಗೆಗೆ ಕಟ್ಟಿ ಪಕ್ಕದಲ್ಲೇ ನಿಂತ. ನಾನು ಇಂಗ್ಲಿಷಿನಲ್ಲಿ ಅರ್ಧ ಗಂಟೆ ಆರ್ಭಟಿಸಿದೆ. ಪ್ರೊಫೆಸರ್ ಕನ್ನಡಕ ಸರಿಮಾಡಿಕೊಂಡು, "ಈ ಏಳು ಎಲ್ಲಿಂದ ಬಂತು?" ಎಂದರು. ಅಷ್ಟರಲ್ಲಿ ಪಟ್ಟಿಯ ಸಾಲುಗಳ ಮೇಲೆ ಬೆರಳಾಡಿಸುತ್ತಿದ್ದ ಮಂಚಯ್ಯ, "ಇಲ್ಲಿ ದಿನಕ್ಕೆ ಅನ್ನೊಂದ್ ಅಂಕಿ ಅವೆ. ನಾನ್ ಕೊಡೋದು ಅತ್ತೇ ಸಾ," ಎಂದುಬಿಟ್ಟ.

ಪ್ರೊಫೆಸರ್ ಅವನತ್ತ ತಿರುಗಿದರು. "ಮೊದಲನೇ ಅಂಕಿ ಕೊಡೋಕೆ ಮುಂಚೆ ಏನಾದ್ರೂ ಅಂತೀಯೇನಯ್ಯಾ?"

"ಬರೆಯೋರು ತಯಾರಾಗವ್ರೋ ಇಲ್ವೋ ಕೇಳ್ಬೇಕಲ್ಲ ಸಾ. 'ಏಳ್ಲಾ ಸಾ?' ಅಂತೀನಿ."

'ಹೇಳಲಾ ಸಾರ್' ಎಂದು ಅವನು ಕೇಳುವುದು. ಗಾಳಿಗೆ ಕೊನೆಯ 'ಲಾ' ಹಾರಿಹೋಗಿ ನನಗೆ 'ಏಳು ಸಾ' ಎಂದು ಕೇಳಿಸುವುದು. ವರ್ಷವಿಡೀ ನಾನು "ಹ್ಞೂಂ" ಎಂದು ಏಳು ಬರೆದಿದ್ದೆ.

ಸಭೆ ಗೊಳ್ಳೆಂದಿತು. ನನಗೆ ಮೈಯೆಲ್ಲ ಉರಿಯಿತು. "ಎಂಥ ಮಾಡುವುದು ಸರ್, ನಾಲಿಗೆ ತಿರುಗದವರನ್ನು ಕಟ್ಟಿಕೊಂಡು ಸಂಶೋಧನೆ ಮಾಡಬೇಕು!" ಎಂದೆ. ನಗು ನನ್ನನ್ನು ಬಿಟ್ಟು ಮಂಚಯ್ಯನ ಮೇಲೆ ಹೋಯಿತು. ಅವನು ಪಟ್ಟಿ ಸುತ್ತತೊಡಗಿದ. ಆ ಅಧ್ಯಾಯ ಕಿತ್ತುಹಾಕಿ ಉಳಿದದ್ದು ಕಳಿಸಿ ಎಂದು ಪ್ರೊಫೆಸರ್ ಒಪ್ಪಿಗೆ ಕೊಟ್ಟರು. ನಾನು ಬಚಾವಾದೆ. ಇಸ್ತ್ರಿ ಅಂಗಿಯ ಮಂಚಯ್ಯ ಮನೆಗೆ ಹೋಗಿ ಮುದ್ದಮ್ಮನಿಗೆ ಏನೆಂದನೋ ಗೊತ್ತಿಲ್ಲ.

ಮರುದಿನ ಎಂಟಕ್ಕೆ ಪುಸ್ತಕ ತೆರೆದು ಕೂತೆ. ಮೇಲಿನಿಂದ ಮಂಚಯ್ಯ ಮೂಟೆ ಎತ್ತುವವನ ಹಾಗೆ ಉಸಿರು ಕಟ್ಟಿ, "ಹೇಳ್ಲಾ ಸಾ?" ಎಂದ. ನಾನು ಹ್ಞೂಂ ಎಂದೆ.

"ಮೂವತ್ತು... ಹೇಳು."

ಮೂವತ್ತೇಳು! ನೆಟ್ಟಗಿದ್ದ ಅಂಕಿಗೂ ನನ್ನ ದೆಸೆಯಿಂದ 'ಹ' ಅಂಟಿಕೊಂಡಿತ್ತು. ನನಗೆ ನಗು ಬರಲಿಲ್ಲ, ನಾಚಿಕೆಯಿಂದ ಸತ್ತುಹೋದೆ. ಪುಸ್ತಕ ಹಿಡಿದು ಮೊದಲ ಬಾರಿಗೆ ಆ ಹೊತ್ತಿನಲ್ಲಿ ತಾರಸಿ ಹತ್ತಿದೆ.

"ಮಂಚಯ್ಯ, ನಿನ್ನ ಅಂಕಿ ಒಂದೂ ತಪ್ಪಿಲ್ಲ ಮಾರಾಯ. ತಪ್ಪಿದ್ದು ನನ್ನ ಕಿವಿ. ನಿನ್ನೆ ಅಷ್ಟು ಜನರ ಮುಂದೆ ಅದನ್ನು ಹೇಳಬೇಕಿತ್ತು, ಹೇಳಲಿಲ್ಲ. ಇವತ್ತೇ ಪ್ರೊಫೆಸರರಿಗೆ ಕಾಗದ ಬರೆಯುತ್ತೇನೆ."

ಅವನು ಸ್ವಲ್ಪ ಹೊತ್ತು ಯಂತ್ರದ ಗಾಜು ಒರೆಸಿದ. "ಓಗ್ಲಿ ಬುಡಿ ಸಾ. ಬಿಸ್ಲೇರ್ತದೆ, ಬರ್ಕಳಿ," ಎಂದು ಯಂತ್ರದಲ್ಲಿ ಅಂಕಿ ನೋಡುವ ಕೊಳವೆಗೆ ಕಣ್ಣಿಟ್ಟ. ಆದರೆ ಬಾಯಿ ಬಿಡಲಿಲ್ಲ. ಯಾವ ಮಾತಿನಿಂದ ಶುರುಮಾಡುವುದೆಂದು ಅವನಿಗೆ ತಿಳಿಯದಾಗಿತ್ತು.

ನಾನು ಅಲ್ಲೇ ಬಿಸಿಲಿನಲ್ಲಿ ಕೂತು, ಅವನಾಡುವ ಹಾಗೆಯೇ, "ಏಳು, ಮಂಚಯ್ಯ," ಎಂದೆ.

ಕೊಳವೆಯಿಂದ ಕಣ್ಣು ತೆಗೆಯದೆಯೇ ಅವನು ನಕ್ಕ.

"ಏಳಲ್ಲ ಕಣ್ ಸಾ, ಮೂವತ್ತಾರು."