ನ್ಯೂಯಾರ್ಕಿನ ರೌಡಿಗಳು, ನನ್ನ ತಮ್ಮ

ಗಂಗಾವತಿಯ ಸರಕಾರಿ ಪ್ರೌಢಶಾಲೆಯಲ್ಲಿ ನಾನು ಚಿತ್ರಕಲಾ ಶಿಕ್ಷಕಿ. ಎರಡು ವರ್ಷ, ಸಿಕ್ಕ ರಜೆಯಲ್ಲೆಲ್ಲ, ಸುಮಾರು ನೂರು ವರ್ಷದ ಹಿಂದೆ ನ್ಯೂಯಾರ್ಕಿನಲ್ಲಿದ್ದ ಯಹೂದಿ ಗ್ಯಾಂಗ್‌ಸ್ಟರ್‌ಗಳ ಮುಖ ಬರೆದೆ. ಅಲ್ಲಿನ ಪೊಲೀಸರು ತೆಗೆದ ಹಳೆಯ ಫೋಟೋಗಳು ಮೊಬೈಲಿನಲ್ಲಿ ಸಿಕ್ಕಿದ್ದವು. ದೇಶ ಬಿಟ್ಟು ಬಂದ ಬಡ ದರ್ಜಿಗಳ ಮಕ್ಕಳು ಅವರು. ಇಕ್ಕಟ್ಟಿನ ಓಣಿಗಳಲ್ಲಿ ಬೆಳೆದು, ಹೊಡೆಯುವುದನ್ನೇ ಕಸುಬು ಮಾಡಿಕೊಂಡವರು. ಒಬ್ಬನ ಕೆನ್ನೆಯ ಗಾಯದ ಗುರುತಿಗೆ ಒಂದು ವಾರ ಬಣ್ಣ ಕಲಸಿದ್ದೇನೆ.

ನನ್ನ ತಮ್ಮನದೂ ಅದೇ ಕಸುಬು. ಮರಳು ವ್ಯಾಪಾರಿಯೊಬ್ಬನ ಪರವಾಗಿ ಯಾರದೋ ಕೈ ಮುರಿದು, ಪೊಲೀಸರ ರೌಡಿ ಪಟ್ಟಿ ಸೇರಿದ್ದ. ಶಾಲೆಯಲ್ಲಿ ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಕೊಪ್ಪಳದಲ್ಲಿ ಚಿತ್ರಗಳ ಪ್ರದರ್ಶನ ಇಟ್ಟ ದಿನ, ಕರೆಯದಿದ್ದರೂ ಅವನು ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಒಂದೊಂದು ಚಿತ್ರದ ಮುಂದೂ ನಿಂತು ನೋಡಿ, ಇವರು ಯಾರೆಂದು ಕೇಳಿದ. ಹೇಳಿದೆ.

“ನಂದೂ ಇಂಥದ ಫೋಟೋ ಸ್ಟೇಷನ್‌ನ್ಯಾಗ ಐತಿ, ಅಕ್ಕಾ,” ಎಂದ. “ಫರಕ ಇಷ್ಟ, ಇವರು ಸತ್ತ ಹೋಗ್ಯಾರ.”

ಅಷ್ಟರಲ್ಲಿ ನಮ್ಮ ಮುಖ್ಯೋಪಾಧ್ಯಾಯರು ಹತ್ತಿರ ಬಂದು, ಇವರು ಯಾರೆಂದು ನನ್ನನ್ನು ವಿಚಾರಿಸಿದರು.

“ನಮ್ಮ ಓಣ್ಯಾಗಿನವರು, ಸರ್,” ಎಂದುಬಿಟ್ಟೆ.

ತಮ್ಮ ಅವರಿಗೆ ಕೈಮುಗಿದ. “ಹೌದ್ರಿ, ಓಣಿಯವ,” ಎಂದು ಮೆಟ್ಟಿಲಿಳಿದು ಹೋದ. ನಾನು ಹಿಂದೆ ಹೋಗಲಿಲ್ಲ. ಮುಖ್ಯೋಪಾಧ್ಯಾಯರಿಗೆ ಆ ಕೆನ್ನೆಯ ಗಾಯದ ಕಥೆ ಹೇಳುತ್ತ ನಿಂತೆ.

ಚುನಾವಣೆಗೆ ಮುಂಚೆ ಅವನನ್ನು ಆರು ತಿಂಗಳು ಬೀದರಿಗೆ ಗಡಿಪಾರು ಮಾಡಿದರು. ಹೋಗುವಾಗ ಅವ್ವನಿಗೆ ಮಾತ್ರ ಫೋನು ಮಾಡಿದ್ದ. ಅವಧಿ ಮುಗಿದರೂ ಬರಲಿಲ್ಲ, ಫೋನೂ ಹತ್ತಲಿಲ್ಲ. ಅವ್ವನನ್ನು ಕರೆದುಕೊಂಡು ಬೀದರಿಗೆ ಹೋದೆ. ಅವನಿದ್ದ ಕೋಣೆಯ ಮಾಲೀಕ, ಎಂದೋ ಖಾಲಿ ಮಾಡಿದ, ಎಲ್ಲಿಗೆಂದು ಹೇಳಲಿಲ್ಲ ಎಂದ.

ಊರಿಗೆ ಬಂದ ಮೇಲೆ ಅವ್ವ, “ಅವಂದೊಂದು ಚಿತ್ರಾ ಬರದ ಕೊಡವಾ. ಮಂದೀಗಿ ತೋರಿಸಿ ಕೇಳ್ತೀನಿ,” ಎಂದಳು. ಪಟ್ಟಿ ಸೇರಿದ ಮೇಲೆ ಅವನು ಯಾರ ಫೋಟೋಕ್ಕೂ ನಿಂತಿರಲಿಲ್ಲ. ಮನೆಯಲ್ಲಿದ್ದದ್ದು ಏಳನೇ ಇಯತ್ತೆಯ ಫೋಟೋ ಒಂದೇ. ಸ್ಟೇಷನ್ನಿನಲ್ಲಿದ್ದದ್ದನ್ನು ಕೇಳಲು ನಮ್ಮಿಬ್ಬರಿಗೂ ಧೈರ್ಯವಾಗಲಿಲ್ಲ.

ಕುಳಿತೆ. ಅವನ ಒಂದು ಹುಬ್ಬು ಸೀಳಿತ್ತು. ಯಾವ ಕಡೆಯದು? ನೆನಪಾಗಲಿಲ್ಲ. ಎಷ್ಟೋ ವರ್ಷಗಳಿಂದ ನಾನು ಅವನ ಮುಖ ನೋಡಿ ಮಾತಾಡಿರಲಿಲ್ಲ. ಅವ್ವನನ್ನು ಕೇಳಲು ನಾಚಿಕೆಯಾಗಿ, ಎಡಗಡೆ ಇರಬೇಕೆಂದು ಬರೆದೆ.

ಅವ್ವ ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಮಡಚಿ ಚೀಲದಲ್ಲಿಟ್ಟುಕೊಂಡಳು. ಮಂಗಳವಾರ, ಶುಕ್ರವಾರ ಊರೂರಿನ ಭಕ್ತರು ಸೇರುವ ಹುಲಿಗಿಯ ದೇವಿ ಗುಡಿಗೆ ಹೋಗಿ, ಬಸ್ಸಿನಿಂದ ಇಳಿಯುವವರಿಗೆಲ್ಲ ಅದನ್ನು ತೋರಿಸುತ್ತಾಳೆ. ಅದು ಅವನ ಹಾಗಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತು.